ಬಾಗಿಲ ಹೊರಗಿನ ಹಸಿವು

ಒಬ್ಬನ ಅಂತಃಕರಣವನ್ನು ತಿದ್ದುವ ಸಲುವಾಗಿ ಮತ್ತೊಬ್ಬನು ಅವನ ಮನೆಯ ಅಂಗಳದಲ್ಲಿ ಅನ್ನವನ್ನು ತೊರೆದು ಕುಳಿತರೆ ಆ ಉಪವಾಸವನ್ನು ತಪಸ್ಸೆನ್ನಬೇಕೋ ಬಲಾತ್ಕಾರವೆನ್ನಬೇಕೋ ಎಂಬ ಪ್ರಶ್ನೆ ನಮ್ಮ ಧರ್ಮವಿಚಾರದಲ್ಲಿ ಬಹು ಪುರಾತನವಾದುದು. ಅದನ್ನು ಗ್ರಂಥಗಳಲ್ಲಿ ವಿವೇಚಿಸಿದವರು ಅನೇಕರು. ಸ್ವಂತ ದೇಹದ ಮೇಲೆ ಪರೀಕ್ಷೆಗೊಡ್ಡಿದವರು ವಿರಳ; ಆ ವಿರಳರಲ್ಲಿ ಸಿದ್ದಾಪುರ ತಾಲ್ಲೂಕಿನ ಕೆಲವು ಗೃಹಿಣಿಯರು ಸೇರಿದ್ದಾರೆಂಬುದನ್ನು, ಅವರ ಊರುಗಳ ಪಕ್ಕದಲ್ಲಿಯೇ ಬೆಳೆದವರು ಕೂಡ ಈಗ ಮರೆಯುತ್ತ ಬಂದಿದ್ದಾರೆ. 1930ರ ದಶಕದ ಆರಂಭದ ವರ್ಷಗಳಲ್ಲಿ, ಕರನಿರಾಕರಣೆಯ ಕಾರಣದಿಂದ ಭೂಮಿಯನ್ನೂ ಮನೆಯನ್ನೂ ಕಳೆದುಕೊಂಡ ಕುಟುಂಬಗಳ ಪಕ್ಷವನ್ನು ವಹಿಸಿ ಹೊರಟ ಸ್ತ್ರೀಯರು, ಜಪ್ತಿಯಾದ ಆ ಆಸ್ತಿಯನ್ನು ಲಿಲಾವಿನಲ್ಲಿ ಕೊಂಡವರ ಮನೆಗಳ ಮುಂದೆ, ಮಾವಿನಗುಂಡಿಯಲ್ಲಿ, ಉಪವಾಸ ಕುಳಿತರು. ತ್ಯಾಗಲಿಯ ಭುವನೇಶ್ವರಮ್ಮನವರು ಅವರಲ್ಲಿ ಒಬ್ಬರು. ಜಿಲ್ಲೆಯ ಸ್ವಾತಂತ್ರ್ಯಸಮರದ ವೃತ್ತಾಂತಗಳಲ್ಲಿ ಈ ಪ್ರಸಂಗಕ್ಕೆ ದೊರೆತಿರುವುದು ಒಂದೆರಡು ವಾಕ್ಯಗಳ ಸ್ಥಳ. ಶೌರ್ಯದ ನಿದರ್ಶನವಾಗಿ ಅದನ್ನು ಸ್ಮರಿಸಿದವರುಂಟು. ಧರ್ಮದ ಪ್ರಶ್ನೆಯಾಗಿ ಅದನ್ನು ಎತ್ತಿಕೊಂಡವರು ಕಡಮೆ. ನಾನು ಎತ್ತಿಕೊಳ್ಳಬಯಸುವುದು ಆ ಎರಡನೆಯದನ್ನೇ.

ಮೊದಲು ಸ್ಥಳದ ವಿಷಯ. ಮಾವಿನಗುಂಡಿಯು ಜೋಗದ ಜಲಪಾತಕ್ಕೆ ಸಮೀಪವಾದ ಊರು. ಅಲ್ಲಿಗೆ ಸಿದ್ದಾಪುರ ಸೀಮೆ ಮುಗಿಯುತ್ತದೆ; ಶರಾವತಿಯ ಆಚೆ ಸಾಗರದ ಸೀಮೆ. ಇಂದು ಇದು ಎರಡು ಜಿಲ್ಲೆಗಳ ನಡುವಿನ ಎಲ್ಲೆ ಮಾತ್ರ. ಅಂದು ಈಚೆಗಿದ್ದುದು ಮುಂಬಯಿ ಪ್ರಾಂತ, ಆಚೆಗಿದ್ದುದು ಮೈಸೂರು ಅರಸರ ರಾಜ್ಯ. ಭಾಷೆ ಒಂದು, ಬೆಳೆ ಒಂದು, ಮದುವೆ ಮುಂಜಿಗಳ ಬಳಕೆ ಒಂದು. ಆದರೂ ಒಂದು ದಡದಲ್ಲಿ ಆಂಗ್ಲ ಕಲೆಕ್ಟರನ ಆಜ್ಞೆ ನಡೆಯುತ್ತಿತ್ತು, ಇನ್ನೊಂದು ದಡದಲ್ಲಿ ಅವನ ಜಪ್ತಿದಾರನು ಕಾಲಿಡುವಂತಿರಲಿಲ್ಲ. ಗಡಿಯಲ್ಲಿ ಬಾಳುವವರಿಗೆ ರಾಜ್ಯವೆಂಬುದು ಮನುಷ್ಯನು ಎಳೆದ ಗೆರೆಯೆಂಬುದು ಒಳನಾಡಿನವರಿಗಿಂತ ಬೇಗ ತಿಳಿಯುತ್ತದೆ. ಆ ಗೆರೆ ಎಷ್ಟು ಕ್ರೂರವಾಗಬಲ್ಲುದೆಂಬುದೂ ಅವರಿಗೇ ಮೊದಲು ತಿಳಿಯುತ್ತದೆ.

ಗಡಿನಾಡಿನ ಮಾತೆಂದೊಡನೆ ಈಗಿನ ಓದುಗರಿಗೆ ಅಮೇರಿಕದ ಪಶ್ಚಿಮ ಸೀಮೆ ನೆನಪಾಗುವುದು ಸಹಜ. ಕುದುರೆಯೇರಿ ಬಂದೂಕು ಹಿಡಿದು ಹೊಸ ನೆಲವನ್ನು ತನ್ನದಾಗಿಸಿಕೊಂಡವನ ಕಥೆಯನ್ನು ಆ ದೇಶ ಲೋಕಕ್ಕೆಲ್ಲ ಸಾರಿದೆ. 1862ನೆಯ ಇಸವಿಯಲ್ಲಿ ಅಲ್ಲಿಯ ಸರಕಾರವು, ನೆಲವನ್ನು ಐದು ವರ್ಷ ಸಾಗುವಳಿ ಮಾಡಿ ನೆಲೆನಿಂತವನಿಗೆ 160 ಎಕರೆಯ ಒಡೆತನವನ್ನು ಕೊಡತಕ್ಕದ್ದೆಂದು ಶಾಸನವನ್ನು ಮಾಡಿತು. ಖಾಲಿ ಎಂದು ಕರೆಯಲಾದ ಆ ನೆಲದಲ್ಲಿ ತಲೆತಲಾಂತರದಿಂದ ಬದುಕಿದ್ದ ಮೂಲನಿವಾಸಿಗಳ ಒಪ್ಪಿಗೆಯನ್ನು ಆ ಶಾಸನ ಕೇಳಲಿಲ್ಲ. ಅದೇ 1862ರಲ್ಲಿ ನಮ್ಮ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿಗೆ ಸೇರಿತು. ಅದೇ ವರ್ಷದ ಆರಂಭದಿಂದ ಭಾರತೀಯ ದಂಡಸಂಹಿತೆಯೂ ಆಚರಣೆಗೆ ಬಂದಿತು. ಈ ಮೂರೂ ಒಂದೇ ವರ್ಷದಲ್ಲಿ ಕೂಡಿಬಂದುದು ಆಕಸ್ಮಿಕ. ಆದರೆ ನೆಲ ಯಾರದು, ಅದನ್ನು ಕಸಿದುಕೊಳ್ಳುವ ಅಧಿಕಾರ ಯಾರಿಗೆ, ಕಸಿದುಕೊಂಡುದನ್ನು ಕೊಂಡವನ ಪುಣ್ಯಪಾಪಗಳ ಗತಿ ಏನು ಎಂಬ ಪ್ರಶ್ನೆಗಳು ಭೂಮಂಡಲದ ಆ ಮಗ್ಗುಲಿಗೂ ಈ ಮಗ್ಗುಲಿಗೂ ಸಮಾನವಾಗಿದ್ದುವೆಂಬುದು ಆಕಸ್ಮಿಕವಲ್ಲ.

ಅಮೇರಿಕದ ಆ ಗಡಿಯ ವಿಸ್ತಾರವನ್ನು ಧರ್ಮದ ಕಣ್ಣಿನಿಂದ ನೋಡಿ ಹೇಸಿದವರೂ ಅಲ್ಲಿದ್ದರು. ಮೆಕ್ಸಿಕೋ ದೇಶದೊಡನೆ ಯುದ್ಧ ಹೂಡಿ ಪಶ್ಚಿಮದ ನೆಲವನ್ನು ಗಳಿಸಲು, ಆ ನೆಲಕ್ಕೆ ಗುಲಾಮಗಿರಿಯನ್ನು ಹಬ್ಬಿಸಲು ಹೊರಟಿದ್ದ ಸರಕಾರಕ್ಕೆ ತಾನು ತೆರಿಗೆ ಕೊಡೆನೆಂದು 1846ರಲ್ಲಿ ಹೆನ್ರಿ ಡೇವಿಡ್ ಥೋರೋ ಒಂದು ರಾತ್ರಿಯನ್ನು ಸೆರೆಮನೆಯಲ್ಲಿ ಕಳೆದನು. ಆತನ ಬರಹವನ್ನು ಗಾಂಧೀಜಿ ಓದಿ ಮೆಚ್ಚಿದ್ದರು. ಒಂದು ಗಡಿಯ ಅನ್ಯಾಯಕ್ಕೆ ಸಹಿಹಾಕಲೊಲ್ಲದ ಒಬ್ಬನ ತೆರಿಗೆನಿರಾಕರಣೆ, ಎಂಬತ್ತೈದು ವರ್ಷಗಳ ತರುವಾಯ, ಥೋರೋನ ಹೆಸರನ್ನೇ ಕೇಳದ ಮಲೆನಾಡಿನ ಅಡಕೆ ತೋಟಗಳಲ್ಲಿ ಮರುಹುಟ್ಟು ಪಡೆಯಿತು. ಆದರೆ ಥೋರೋನಿಗೆ ಹೋದುದು ಒಂದು ರಾತ್ರಿ. ಅವನ ತೆರಿಗೆಯನ್ನು ಮತ್ತಾರೋ ಕಟ್ಟಿ ಅವನನ್ನು ಬಿಡಿಸಿಕೊಂಡರು. ಸಿದ್ದಾಪುರದ ಸಂಸಾರಗಳಿಗೆ ಹೋದುದೇನೆಂಬುದನ್ನು ತಿಳಿಯಬೇಕಾದರೆ ಆ ಸೀಮೆಯ ತೋಟವೆಂದರೇನೆಂಬುದನ್ನು ಸ್ವಲ್ಪ ತಿಳಿದಿರಬೇಕು.

ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ತೋಟವು ಬೆಟ್ಟಗಳ ಸಂದಿನ ಕಣಿವೆಯಲ್ಲಿ, ನೀರಿನ ಒರತೆಯನ್ನು ಹುಡುಕಿ, ಮಣ್ಣನ್ನು ಹೊತ್ತು ಹಾಕಿ, ಕಾಲುವೆಗಳನ್ನು ತೋಡಿ ತಲೆಮಾರುಗಳು ಕಟ್ಟಿದ ಸೃಷ್ಟಿ. ನೆಟ್ಟ ಅಡಕೆ ಸಸಿ ಫಲಕ್ಕೆ ಬರಲು ಆರೇಳು ವರ್ಷಗಳಾದರೂ ಬೇಕು. ಮಳೆಗಾಲದಲ್ಲಿ ಕೊಳೆರೋಗ ಬಿದ್ದರೆ ಆ ವರ್ಷದ ಫಸಲು ನೆಲದ ಪಾಲು. ತೋಟಕ್ಕೆ ಹೊಂದಿ ಸೊಪ್ಪಿನ ಬೆಟ್ಟವಿರಬೇಕು: 1 ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಪದ್ಧತಿಯನ್ನು ಸರಕಾರವೇ ಮನ್ನಿಸಿತ್ತು. ಅಲ್ಲಿಂದ ತಂದ ಸೊಪ್ಪು ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರವಾಗಿ, ಆ ಗೊಬ್ಬರ ತೋಟಕ್ಕೆ ಹೋಗಿ, ಮನೆ, ದನ, ಬೆಟ್ಟ, ತೋಟ ನಾಲ್ಕೂ ಒಂದೇ ಜೀವದ ಅಂಗಗಳಂತೆ ನಡೆಯುತ್ತಿದ್ದುವು. ಆದಕಾರಣ ತೋಟ ಜಪ್ತಿಯಾಯಿತೆಂದರೆ ಹೊಲವೊಂದು ಕೈಬಿಟ್ಟಂತೆ ಆಗುವುದಿಲ್ಲ. ಅಜ್ಜನ ದುಡಿಮೆಯೂ ಮೊಮ್ಮಗನ ನಾಳೆಯೂ ಒಟ್ಟಿಗೆ ಹೋದಂತಾಗುತ್ತದೆ. ಇದನ್ನೆಲ್ಲ ತಿಳಿದೂ ತಿಳಿದೂ ಆ ಸೀಮೆಯ ತೋಟಿಗರು ಭೂಮಿಯ ತೀರ್ವೆಯನ್ನು ಕಟ್ಟೆವೆಂದರು. 1929ರಿಂದ ಲೋಕವನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನಲ್ಲಿ ಬೆಳೆದುದರ ಬೆಲೆಯೆಲ್ಲ ಕುಸಿದಿತ್ತು. ಸಂಕಟವೂ ಸಂಕಲ್ಪವೂ ಒಂದಾದ ಕಾಲವದು. 1931ರಲ್ಲಿ ಆರಂಭವಾಗಿ, ಗಾಂಧಿ ಇರ್ವಿನ್ ಒಪ್ಪಂದದ ವೇಳೆಗೆ ತಡೆದು, 1932ರಲ್ಲಿ ಮತ್ತೆ ಉಕ್ಕಿದ ಆ ಚಳವಳಿಯಲ್ಲಿ, ಘಟ್ಟದ ಮೇಲಿನ ಸಿದ್ದಾಪುರ, ಕೆಳಗಿನ ಅಂಕೋಲೆ, ಈ ಎರಡು ತಾಲ್ಲೂಕುಗಳ ಸುಮಾರು 800 ಕುಟುಂಬಗಳು ಆಸ್ತಿಯನ್ನು ಕಳೆದುಕೊಂಡುವು. ಸೆರೆಮನೆಯನ್ನು ಕಂಡವರಲ್ಲಿ 100ರಷ್ಟು ಮಂದಿ ಸ್ತ್ರೀಯರು. ತೋಟವೇ ಇಲ್ಲದೆ ತೋಟದ ಕೂಲಿಯಿಂದ ಬದುಕಿದ್ದವರಿಗಾದ ನಷ್ಟವು ಯಾವ ಜಪ್ತಿಯ ಪಟ್ಟಿಯಲ್ಲಿಯೂ ಬರೆಯಲ್ಪಡಲಿಲ್ಲ. ಅವರಲ್ಲಿ ಜಪ್ತಿ ಮಾಡಲು ಏನೂ ಇರಲಿಲ್ಲವಾದ್ದರಿಂದ ಅವರ ತ್ಯಾಗಕ್ಕೆ ದಾಖಲೆಯೂ ಇಲ್ಲವಾಯಿತು.

ಉಪವಾಸಗಳು ಸರಕಾರದ ಕಚೇರಿಯ ಮುಂದೆ ನಡೆಯದೆ ಕೊಂಡವರ ಮನೆಯ ಮುಂದೆ ಏಕೆ ನಡೆದುವು? 1931ರ ಮಾರ್ಚಿ 5ರಂದು ಗಾಂಧೀಜಿಯವರಿಗೂ ವೈಸರಾಯ್ ಇರ್ವಿನ್ನರಿಗೂ ಆದ ಒಪ್ಪಂದದಲ್ಲಿ ಜಪ್ತಿಯಾದ ಆಸ್ತಿಗಳ ವಿಷಯವೂ ಬಂದಿತ್ತು. ಸರಕಾರದ ಕೈಯಲ್ಲಿಯೇ ಉಳಿದುದನ್ನು ಹಿಂತಿರುಗಿಸುವುದೆಂದೂ, ಅನ್ಯರಿಗೆ ಮಾರಾಟವಾಗಿಹೋದ ಸ್ಥಿರಾಸ್ತಿಯ ವ್ಯವಹಾರವನ್ನು ಸರಕಾರದ ಮಟ್ಟಿಗೆ ಮುಗಿದುದೆಂದೇ ಎಣಿಸತಕ್ಕದ್ದೆಂದೂ ಅದರಲ್ಲಿ ಬರೆದಿತ್ತು. ಅಂದರೆ ಲಿಲಾವಿನಲ್ಲಿ ಹೋದ ತೋಟದ ಮಟ್ಟಿಗೆ ಸರಕಾರವು ತನ್ನ ಬಾಗಿಲನ್ನು ಮುಚ್ಚಿಕೊಂಡಿತು. ಇನ್ನು ತೆರೆದಿರಬಹುದಾದ ಬಾಗಿಲು ಕೊಂಡವನ ಮನೆಯದೊಂದೇ. ಕಾನೂನು ಸಂಪೂರ್ಣವಾಗಿ ಅವನ ಪಕ್ಷದಲ್ಲಿತ್ತು. ಅವನಿಗೆ ಪತ್ರವಿತ್ತು, ರಸೀದಿಯಿತ್ತು. ಅವನ ವಿರುದ್ಧ ಉಳಿದಿದ್ದುದು, ನೆರೆಯವನು ಧರ್ಮಕ್ಕಾಗಿ ಕಳೆದುಕೊಂಡುದನ್ನು ತಾನು ಅಗ್ಗದ ಬೆಲೆಗೆ ಕೊಂಡೆನೆಂಬ ಅವನ ಮನಸ್ಸಿನೊಳಗಿನ ಮುಳ್ಳು ಮಾತ್ರ. ಆ ಹೆಂಗಸರು ಹೋಗಿ ಕುಳಿತುದು ಆ ಮುಳ್ಳಿನ ಸಮೀಪದಲ್ಲಿ.

ಈಗ ಪ್ರಶ್ನೆಗೆ ಬರೋಣ. ಅವರ ಆಚರಣೆಯನ್ನು ಆಕ್ಷೇಪಿಸತಕ್ಕವನು ನಿರಾಯುಧನಾಗಿಲ್ಲ. ಅವನ ಕೈಯಲ್ಲಿ ಬಲವಾದ ಪ್ರಮಾಣಗಳಿವೆ. ಪರರ ಬಾಗಿಲಲ್ಲಿ ಹಸಿದು ಕೂರುವ ಧರಣೆಯು ಸಾಲಗಾರನಿಂದ ಹಣ ವಸೂಲು ಮಾಡುವ ಉಪಾಯವಾಗಿ ಈ ದೇಶದಲ್ಲಿ ಚಿರಕಾಲ ಬಳಕೆಯಲ್ಲಿತ್ತು. ಐರ್ಲೆಂಡಿನ ಪ್ರಾಚೀನ ಧರ್ಮಶಾಸ್ತ್ರವೂ ಇಂತಹ ದ್ವಾರೋಪವಾಸವನ್ನು ನ್ಯಾಯದ ಅಂಗವಾಗಿ ಮನ್ನಿಸಿತ್ತು. ಕುಳಿತವನು ಸತ್ತರೆ ಬ್ರಹ್ಮಹತ್ಯೆಯೋ ಮನುಷ್ಯಹತ್ಯೆಯೋ ತನ್ನ ತಲೆಗೆ ಬರುವುದೆಂಬ ಭಯದಿಂದ ಮನೆಯವನು ಒಪ್ಪುತ್ತಿದ್ದನು. ಆ ಭಯವೇ ಈ ಉಪಾಯದ ಬಲ. ಆದುದರಿಂದಲೇ ದಂಡಸಂಹಿತೆಯ 508ನೆಯ ಕಲಮಿನಲ್ಲಿ, ದೈವಕೋಪಕ್ಕೆ ಗುರಿಯಾಗುವೆಯೆಂದು ನಂಬಿಸಿ ಒಬ್ಬನಿಂದ ಕೆಲಸ ಮಾಡಿಸಿಕೊಳ್ಳುವುದು ಅಪರಾಧವೆಂದು ವಿಧಿಸಿ, ಅದಕ್ಕೆ ಮೊದಲನೆಯ ಉದಾಹರಣೆಯಾಗಿ ಪರರ ಬಾಗಿಲಲ್ಲಿ ಧರಣೆ ಕೂರುವುದನ್ನೇ ಕೊಟ್ಟರು. ಅನ್ಯದೇಶೀಯರು ನಮ್ಮ ಆಚಾರವನ್ನು ಅರಿಯದೆ ಬರೆದ ಕಲಮೆಂದು ಅದನ್ನು ತಳ್ಳಿಹಾಕುವಂತಿಲ್ಲ. ಗಾಂಧೀಜಿಯವರೇ 1921ರಲ್ಲಿ ಕಲಕತ್ತೆಯ ವಿದ್ಯಾರ್ಥಿಗಳು ಅಡ್ಡಗಟ್ಟಿ ಧರಣೆ ಹೂಡಿದಾಗ ಅದನ್ನು ಅನಾಗರಿಕವೆಂದು ಕಟುವಾಗಿ ಖಂಡಿಸಿದರು. ಉಪವಾಸವನ್ನು ಪ್ರೀತಿಯುಳ್ಳವನ ವಿಷಯದಲ್ಲಿ ಮಾಡಬಹುದೇ ಹೊರತು ದಬ್ಬಾಳಿಕೆಗಾರನ ವಿಷಯದಲ್ಲಿ ಮಾಡಬಾರದು, ಅವನನ್ನು ತಿದ್ದುವುದಕ್ಕಾಗಿ ಮಾಡಬಹುದೇ ಹೊರತು ಅವನಿಂದ ಹಕ್ಕನ್ನು ಕಿತ್ತುಕೊಳ್ಳುವುದಕ್ಕಾಗಿ ಮಾಡಬಾರದು ಎಂಬ ನಿಯಮವನ್ನು ವೈಕಂ ಸತ್ಯಾಗ್ರಹದ ಕಾಲದಲ್ಲಿ, 1924ರಲ್ಲಿ, ಅವರು ಸ್ಪಷ್ಟಪಡಿಸಿದರು. ತಮ್ಮ ಉಪವಾಸಗಳನ್ನೂ ಅವರು ಇದೇ ತಕ್ಕಡಿಯಲ್ಲಿ ತೂಗಿದರೆಂಬುದು ಅವರ ಹಿರಿಮೆ. 1918ರ ಅಹಮದಾಬಾದಿನ ಗಿರಣಿಗಳ ಪ್ರಸಂಗದಲ್ಲಿ ತಮ್ಮ ಉಪವಾಸವು ಮಾಲೀಕರ ಮೇಲೆ ಒತ್ತಾಯವಾಗಿ ಪರಿಣಮಿಸಿತೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡರು. 1939ರ ರಾಜಕೋಟೆಯ ಉಪವಾಸದಲ್ಲಿ ವೈಸರಾಯರ ಸಹಾಯವನ್ನು ಬೇಡಿದುದರಿಂದ ಹಿಂಸೆಯ ದೋಷ ಸೇರಿತೆಂದು ಸಾರ್ವಜನಿಕವಾಗಿ ನುಡಿದು, ಅದರಿಂದ ದೊರೆತ ಫಲವನ್ನೇ ತೊರೆದರು.

ಇನ್ನೊಂದು ಪ್ರಸಂಗವನ್ನು ಮುಚ್ಚಿಟ್ಟು ಈ ಚರ್ಚೆಯನ್ನು ಪ್ರಾಮಾಣಿಕವಾಗಿ ಮುಂದುವರಿಸಲಾಗದು. 1932ರ ಸೆಪ್ಟೆಂಬರ್ 20ರಂದು ಯರವಡೆಯ ಸೆರೆಮನೆಯಲ್ಲಿ ದಲಿತರ ಪ್ರತ್ಯೇಕ ಮತಕ್ಷೇತ್ರಗಳನ್ನು ವಿರೋಧಿಸಿ ಗಾಂಧೀಜಿ ಆರಂಭಿಸಿದ ಉಪವಾಸವು 24ರ ಪುಣೆಯ ಒಪ್ಪಂದಕ್ಕೆ ದಾರಿಯಾಯಿತು. ಅಂಬೇಡ್ಕರರು ಸಹಿ ಹಾಕಿದರು. ಆದರೆ ಆ ಉಪವಾಸವು ಬಲಾತ್ಕಾರವೆಂಬ ಅಭಿಪ್ರಾಯವನ್ನು ತರುವಾಯ ಬರೆದಿಟ್ಟರು. ಅವರ ವಾದವನ್ನು ನಾನು ನ್ಯಾಯವೆಂದೇ ತಿಳಿಯುತ್ತೇನೆ. ಏಕೆಂದರೆ ಒಲ್ಲೆನೆನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ಅವರು ಒಪ್ಪದೆ, ಗಾಂಧೀಜಿಯ ಪ್ರಾಣ ಹೋಗಿದ್ದರೆ, ಅದರ ಪ್ರತಿಫಲವನ್ನು ಉಣ್ಣಬೇಕಾಗಿದ್ದವರು ಹಳ್ಳಿಹಳ್ಳಿಯ ನಿಸ್ಸಹಾಯಕ ದಲಿತರು. ಉಪವಾಸ ಮಾಡುವವನ ಶುದ್ಧಿ ಎಷ್ಟೇ ಉನ್ನತವಾಗಿದ್ದರೂ, ಎದುರಿಗಿರುವವನ ನಿರಾಕರಣೆಯು ಅವನಿಗೂ ಅವನವರಿಗೂ ವಿನಾಶವಾಗುವುದಾದರೆ, ಅಲ್ಲಿ ಅಹಿಂಸೆಯ ಹೆಸರು ಮಾತ್ರ ಉಳಿಯುತ್ತದೆ. ಹಾಗಾದರೆ ಪರೀಕ್ಷೆಯ ಸ್ಥಾನ ಹಸಿದವನ ಹೃದಯದಿಂದ ಬಾಗಿಲ ಒಳಭಾಗಕ್ಕೆ ಸರಿಯುತ್ತದೆ. ಒಳಗಿರುವವನು ಇಲ್ಲವೆಂದ ಬಳಿಕವೂ ಅಖಂಡನಾಗಿ, ಅನಪಮಾನಿತನಾಗಿ, ಹಸಿದವನ ಪ್ರೀತಿಗೆ ಪಾತ್ರನಾಗಿ ಉಳಿಯಬಲ್ಲನೆ? ನನಗೆ ತೋರುವಂತೆ ಇದೊಂದೇ ಸರಿಯಾದ ಒರೆಗಲ್ಲು.

ಈ ಒರೆಗಲ್ಲನ್ನು ನಾನು ಹೊಸದಾಗಿ ಕಡೆದುದಲ್ಲ. ವಾಲ್ಮೀಕಿಯ ಅಯೋಧ್ಯಾಕಾಂಡದಲ್ಲಿ ಚಿತ್ರಕೂಟದ ಸನ್ನಿವೇಶವನ್ನು ಓದಿದವರೆಲ್ಲರಿಗೂ ಪಾದುಕೆಗಳ ನೆನಪಿರುತ್ತದೆ. ಅದಕ್ಕೆ ಮೊದಲು ಭರತನು ಮಾಡಿದ ಕಾರ್ಯವೊಂದು ಹೆಚ್ಚಾಗಿ ನೆನಪಿರುವುದಿಲ್ಲ. ಅಣ್ಣನು ಯಾವ ಮಾತಿಗೂ ಒಪ್ಪದಿರಲು ಅವನು ಸುಮಂತ್ರನಿಂದ ದರ್ಭೆಯನ್ನು ತರಿಸಿ ಹಾಸಿ, ಧನವನ್ನು ಕಳೆದುಕೊಂಡ ಬ್ರಾಹ್ಮಣನು ಬಾಗಿಲಲ್ಲಿ ಮಲಗುವಂತೆ, ನಿರಾಹಾರನಾಗಿ ರಾಮನ ಪರ್ಣಶಾಲೆಯ ಮುಂದೆ ಮಲಗಿಬಿಡುವೆನೆಂದು ಸಿದ್ಧನಾಗುತ್ತಾನೆ. ಇದು ಯಥಾರ್ಥವಾದ ಧರಣೆ. ಕವಿಯು ಸಾಲದ ಧರಣೆಯನ್ನೇ ಉಪಮಾನವಾಗಿ ತೆಗೆದುಕೊಂಡಿದ್ದಾನೆ. ರಾಮನು ಮಣಿಯುವುದಿಲ್ಲ. ಇಂತಹ ಆಚರಣೆ ಬ್ರಾಹ್ಮಣನಿಗೆ ಇರಬಹುದು, ಮೂರ್ಧಾಭಿಷಿಕ್ತ ಕ್ಷತ್ರಿಯನಿಗೆ ವಿಧಿಯಿಲ್ಲವೆಂದು ತಿಳಿಯಹೇಳಿ, ಈ ದಾರುಣ ವ್ರತವನ್ನು ಬಿಟ್ಟು ಏಳೆನ್ನುತ್ತಾನೆ. ಭರತನು ಏಳುತ್ತಾನೆ, ಪಾದುಕೆಗಳನ್ನು ಹೊತ್ತು ಹಿಂತಿರುಗಿ ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿ ತಪಸ್ವಿಯಂತೆ ಬಾಳುತ್ತಾನೆ. ಉಪವಾಸ ವಿಫಲವಾಯಿತು, ಪ್ರೀತಿ ಎಳ್ಳಷ್ಟೂ ಕುಗ್ಗಲಿಲ್ಲ. ಒಳಗಿದ್ದವನು ಇಲ್ಲವೆನ್ನಬಲ್ಲವನಾಗಿದ್ದನು, ಇಲ್ಲವೆಂದನು, ಹೊರಗಿದ್ದವನು ಅದನ್ನು ಸೋಲೆಂದು ತಿಳಿಯಲಿಲ್ಲ. ಆದಿಕವಿಯು ಧರಣೆಯನ್ನು ಸಮರ್ಥಿಸಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಅದು ನಿರ್ದೋಷವಾಗಿರಬಹುದಾದ ಸನ್ನಿವೇಶ ಹೇಗಿರುತ್ತದೆಂಬುದನ್ನು ಒಮ್ಮೆ ತೋರಿಸಿಟ್ಟನು.

ಕಠೋಪನಿಷತ್ತಿನಲ್ಲಿಯೂ ಒಂದು ಬಾಗಿಲುಂಟು, ಅದು ಯಮನ ಮನೆಯದು. ಯಜಮಾನನು ಮನೆಯಲ್ಲಿಲ್ಲದ ಹೊತ್ತಿಗೆ ಬಂದ ನಚಿಕೇತನು ಮೂರು ರಾತ್ರಿ ಉಣ್ಣದೆ ಕಾಯುತ್ತಾನೆ. ಹಿಂತಿರುಗಿದ ಯಮನಿಗೆ, ಅತಿಥಿಯು ಹಸಿದು ಉಳಿದ ಮನೆಯ ಪುಣ್ಯವೆಲ್ಲ ನಾಶವಾಗುವುದೆಂಬ ಎಚ್ಚರಿಕೆ ದೊರೆಯುತ್ತದೆ. ಮೃತ್ಯುದೇವತೆಯೇ ನಮಸ್ಕರಿಸಿ ರಾತ್ರಿಗೊಂದರಂತೆ ಮೂರು ವರಗಳನ್ನು ಕೊಡಲು ಮುಂದಾಗುತ್ತಾನೆ. ಬಾಲಕನು ಏನನ್ನೂ ಬೇಡಿ ಕುಳಿತವನಲ್ಲ. ಆದರೂ ಅವನ ಹಸಿವು ಮನೆಯನ್ನು ತಟ್ಟಿತು. ಏತಕ್ಕೆಂದರೆ ಆ ಮನೆಗೆ ಗೃಹಧರ್ಮವೊಂದಿತ್ತು. ಹಸಿದವನಿಗೂ ಮನೆಯವನಿಗೂ ಸಮಾನವಾದ ಧರ್ಮವಿಲ್ಲದ ಕಡೆ ಉಪವಾಸಕ್ಕೆ ಅರ್ಥವೇ ಹುಟ್ಟುವುದಿಲ್ಲ. ಗಾಂಧೀಜಿ ಪ್ರೀತಿಯೆಂದು ಕರೆದುದನ್ನು ನಾನು ಈ ಸಮಾನಧರ್ಮವೆಂದು ವಿಸ್ತರಿಸಿ ಅರ್ಥಮಾಡುತ್ತೇನೆ. ನಮ್ಮ ಸೀಮೆಯಲ್ಲಿ ಸೋದೆಯ ಜೈನಮಠದ ಪರಂಪರೆಗೆ ಪರಿಚಿತವಾದ ಸಲ್ಲೇಖನವು ಇದಕ್ಕಿಂತ ಭಿನ್ನ: ಅದು ಯಾರ ಕಡೆಗೂ ಮುಖಮಾಡದ, ಯಾರಿಂದಲೂ ಏನನ್ನೂ ಬಯಸದ ಅನ್ನತ್ಯಾಗ. ಅದರ ಶುದ್ಧಿಯ ಅಳತೆಗೋಲಿನಿಂದ ಮಾವಿನಗುಂಡಿಯ ಉಪವಾಸವನ್ನು ಅಳೆಯುವುದು ನ್ಯಾಯವಲ್ಲ, ಏಕೆಂದರೆ ಇವರಿಗೆ ಬೇಕಾದುದು ಸ್ಪಷ್ಟವಾಗಿತ್ತು. ಅವರಿಗೆ ನೆಲ ಬೇಕಾಗಿತ್ತು.

ಆ ಹೆಂಗಸರ ಎದುರಿಗಿದ್ದ ಮನೆಯನ್ನು ಈಗ ಕಲ್ಪಿಸಿಕೊಳ್ಳಬೇಕು. ಮಲೆನಾಡಿನ ಮನೆಯ ಜಗುಲಿಯಲ್ಲಿ ಹೊತ್ತಾದ ಮೇಲೆ ಬಂದು ಕುಳಿತವರಿಗೆ ಊಟಕ್ಕೆ ಏಳಿರೆನ್ನದೆ ಮನೆಯವರು ಉಂಡರೆಂಬುದು ಆ ಸೀಮೆಯಲ್ಲಿ ಬಾಳಿನ ಕಳಂಕ. ದಾರಿಹೋಕನಿಗೆ ಬೆಲ್ಲವೂ ನೀರೂ, ಹೊತ್ತಾಗಿದ್ದರೆ ಎಲೆಯೂ ಹಾಕತಕ್ಕದ್ದೆಂಬುದನ್ನು ಯಾವ ಪಂಡಿತನೂ ಕಲಿಸಬೇಕಾಗಿರಲಿಲ್ಲ. ಕೊಂಡವನ ಮನೆಯೂ ಈ ಆಚಾರದ ಮನೆಯೇ. ಹೊರಗೆ ಅಂಗಳದಲ್ಲಿ ಹಸಿದು ಕುಳಿತವಳು ಒಂದು ಪಕ್ಷ ನೆಂಟಳಲ್ಲದಿದ್ದರೂ, ಮದುವೆ ಮನೆಗಳಲ್ಲಿ ಜತೆಗೆ ಹಾಡಿದವಳು, ಬಾಣಂತನದ ಹೊತ್ತಿಗೆ ಕರೆದರೆ ಬರತಕ್ಕವಳು. ಒಳಗೆ ಅಡಿಗೆಯ ಮನೆಯಲ್ಲಿ ಒಲೆಯ ಮುಂದಿದ್ದವಳೂ ಹೆಂಗಸು. ಲಿಲಾವಿಗೆ ಹೋಗಿ ಕೂಗಿದವಳು ಅವಳಲ್ಲ. ಪತ್ರದಲ್ಲಿ ಅವಳ ಹೆಸರಿಲ್ಲ. ಕೊಳ್ಳಬೇಕೆ ಬೇಡವೆ ಎಂದು ಅವಳನ್ನು ಕೇಳುವ ರೂಢಿ ಆ ಕಾಲದ ಮನೆಗಳಲ್ಲಿ ಇರಲಿಲ್ಲ. ಆದರೂ ಮೊದಲ ತುತ್ತು ಗಂಟಲಿನಲ್ಲಿ ಇಳಿಯದವಳು ಅವಳೇ ಆಗಿರಬೇಕು. ಸತ್ಯಾಗ್ರಹದ ಚರಿತ್ರೆಯನ್ನು ಬರೆಯುವವರು ಅಂಗಳದವಳನ್ನಾದರೂ ಒಂದು ವಾಕ್ಯದಲ್ಲಿ ಸ್ಮರಿಸಿದರು. ಒಳಗಿದ್ದವಳನ್ನು ನೆನೆಯಲೇ ಇಲ್ಲ. ಈ ಉಪವಾಸದ ಧರ್ಮಾಧರ್ಮಗಳು ನಿರ್ಣಯವಾಗಬೇಕಾದುದು ಅವಳ ಅಡಿಗೆಯ ಮನೆಯಲ್ಲಿಯೇ ಎಂದು ನನ್ನ ಮತ.

ಅವಳಿಗೆ ಸಂಕಟವಾಯಿತೆಂಬುದರಲ್ಲಿ ಸಂಶಯವಿಲ್ಲ. ಸಂಕಟವೆಲ್ಲ ಹಿಂಸೆಯೆಂಬುದಾದರೆ ಸತ್ಯವನ್ನು ನುಡಿಯುವುದೂ ಹಿಂಸೆಯಾಗುತ್ತದೆ. ಕೇಳಬೇಕಾದುದು ಆ ಸಂಕಟ ಎಲ್ಲಿಂದ ಬಂದಿತೆಂಬುದನ್ನು. ಹೊರಗಿನವಳು ಸತ್ತರೆ ದೇವರು ನಿನ್ನ ಮಕ್ಕಳನ್ನು ನುಂಗುವನೆಂಬ ಭಯದಿಂದ ಬಂದುದಾದರೆ, ದಂಡಸಂಹಿತೆಯ ಕಲಮು ಸರಿಯಾಗಿಯೇ ಹೇಳಿತೆಂದು ಒಪ್ಪಬೇಕು. ತಾನು ತಲೆತಲಾಂತರದಿಂದ ನಡೆಸಿಬಂದ ಅನ್ನಧರ್ಮವೂ ತನ್ನ ಮನೆಯವರು ಮಾಡಿದ ವ್ಯಾಪಾರವೂ ಒಂದೇ ಮಾಡಿನ ಕೆಳಗೆ ಇರಲಾರವೆಂಬ ಅರಿವಿನಿಂದ ಬಂದುದಾದರೆ, ಆ ಸಂಕಟವನ್ನು ಹೊರಗಿನವರು ತಂದುಹಾಕಿದುದೆನ್ನಲಾಗದು. ಅದು ಮನೆಯೊಳಗೇ ಇದ್ದು, ಹೊರಗಿನವಳ ಸಾನ್ನಿಧ್ಯದಿಂದ ಎಚ್ಚತ್ತುದು. ಮಾವಿನಗುಂಡಿಯ ಹೆಂಗಸರು ಮನೆಗೆ ಬೆಂಕಿಯಿಡಲಿಲ್ಲ, ಬೆಳೆ ಕಡಿಯಲಿಲ್ಲ. ಸರಕಾರವು ತಮ್ಮ ಮನೆಗಳಲ್ಲಿ ಮಾಡಿದುದನ್ನು ಅವರು ಇನ್ನೊಬ್ಬರ ಮನೆಯಲ್ಲಿ ಮಾಡಲಿಲ್ಲ. ಕೊಂಡವನು ಬಾಗಿಲನ್ನು ಮುಚ್ಚಿಕೊಂಡು ಒಲ್ಲೆನೆನ್ನಬಹುದಾಗಿತ್ತು. ಕಾನೂನೂ ಪೋಲೀಸರೂ ಸಂಪೂರ್ಣವಾಗಿ ಅವನ ಬೆಂಬಲಕ್ಕಿದ್ದರು. ಯರವಡೆಯಲ್ಲಿ ಬಲವೆಲ್ಲ ಹಸಿದವರ ಹಿಂದೆ ನಿಂತಿತ್ತು. ಇಲ್ಲಿ ಬಲವೆಲ್ಲ ಉಂಡವನ ಹಿಂದೆ ನಿಂತಿತ್ತು. ಈ ಅಂತರವನ್ನು ಕಾಣದೆ ಎರಡನ್ನೂ ಉಪವಾಸವೆಂಬ ಒಂದೇ ಹೆಸರಿನಿಂದ ಹೊಗಳುವವರೂ ಹಳಿಯುವವರೂ ವಿಷಯದ ಬಾಗಿಲಿನವರೆಗೆ ಬಂದು ಒಳಗೆ ಬಾರದೆ ಹಿಂತಿರುಗಿದವರು.

ಇಷ್ಟು ಹೇಳಿದ ಮೇಲೆಯೂ ಒಂದು ಆತಂಕ ಉಳಿಯುತ್ತದೆ, ಅದನ್ನು ಬಿಟ್ಟುಬಿಡುವುದು ಸರಿಯಲ್ಲ. ಸಣ್ಣ ಊರಿನಲ್ಲಿ ಉಪವಾಸದ ಹಿಂದೆಯೇ ಬಹಿಷ್ಕಾರ ಬರುತ್ತದೆ. ಬೆಂಕಿ ಕೊಡದಿರುವುದು, ನೀರು ಸೇದಗೊಡದಿರುವುದು, ಹೆಣಕ್ಕೆ ಹೆಗಲು ಕೊಡದಿರುವುದು, ಇವು ನಮ್ಮ ಗ್ರಾಮಸಮಾಜಕ್ಕೆ ಚೆನ್ನಾಗಿ ಅಭ್ಯಾಸವಾದ ಆಯುಧಗಳು; ನಿರ್ಬಲರಾದ ಜಾತಿಗಳ ಮೇಲೆ ಶತಮಾನಗಳಿಂದ ಪ್ರಯೋಗಿಸಿ ಹರಿತವಾದುವು. ಉಪವಾಸದ ಜತೆಗೆ ಇವು ಸೇರಿದೊಡನೆ ಒಳಗಿದ್ದವನ ಸ್ವಾತಂತ್ರ್ಯ ಮುಗಿಯುತ್ತದೆ, ಉಪವಾಸದ ಧರ್ಮವೂ ಅಲ್ಲಿಗೇ ಮುಗಿಯುತ್ತದೆ. ಕುಳಿತವಳ ಮನಸ್ಸಿನಲ್ಲಿ ಪ್ರೀತಿಯೇ ತುಂಬಿದ್ದರೂ ಬೀದಿಯಲ್ಲಿ ನಿಂತ ಗುಂಪಿನ ಮನಸ್ಸಿಗೆ ಅವಳು ಹೊಣೆಯಾಗಬೇಕಾಗುತ್ತದೆ. ಆದುದರಿಂದ ಉಪವಾಸ ಏಕಾಂತದ ವ್ರತವಾಗಿದ್ದಷ್ಟು ಶುದ್ಧ. ಜನಜಂಗುಳಿಯ ಘೋಷದ ಮಧ್ಯದಲ್ಲಿ ನಡೆಯುವ ಈಗಿನ ಆಮರಣಾಂತ ಉಪವಾಸಗಳನ್ನು ಕಂಡಾಗ ನನಗೆ ಭಯವಾಗುತ್ತದೆ. ಅಲ್ಲಿ ಎದುರಿನವನ ಮುಖವನ್ನು ಕಾಣುವಷ್ಟು ಸಾಮೀಪ್ಯವಿಲ್ಲ. ಒಲೆಯ ಮುಂದೆ ಕಣ್ಣೊರಸಿಕೊಳ್ಳುವ ಯಾರೂ ಇಲ್ಲ. ಸಚಿವಾಲಯಕ್ಕೆ ಅಡಿಗೆಯ ಮನೆಯಿಲ್ಲವಲ್ಲವೆ?

ಅದೇ ಸಿದ್ದಾಪುರದ ಮಣ್ಣಿನಿಂದ ಹೊರಟ ಮತ್ತೊಬ್ಬ ಸ್ತ್ರೀಯ ಬಾಳಿನಲ್ಲಿ ಈ ಪ್ರಶ್ನೆ ಮುಂದುವರಿಯಿತೆಂದು ನನಗೆ ತೋರುತ್ತದೆ. ದೊಡ್ಮನೆ ಮನೆತನದ ಮಹಾದೇವಿತಾಯಿಯವರು ಸತ್ಯಾಗ್ರಹದಲ್ಲಿ ದುಡಿದು, ತರುವಾಯ ವಿನೋಬಾ ಭಾವೆಯವರ ಆಶ್ರಮವನ್ನು ಸೇರಿ, ದೀರ್ಘಕಾಲ ಅವರ ಸೇವೆಯಲ್ಲಿಯೂ ಪದಯಾತ್ರೆಯಲ್ಲಿಯೂ ಜತೆಗಿದ್ದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾರವರು ಆರಂಭಿಸಿದ ಭೂದಾನವೂ ಬಾಗಿಲಿಗೆ ಹೋಗಿ ನೆಲವನ್ನು ಕೇಳುವ ವ್ರತವೇ. ಅಂತರವೇನೆಂದರೆ ಅಲ್ಲಿ ಹಸಿವಿಲ್ಲ, ಹಠವಿಲ್ಲ. ಕೊಟ್ಟರೆ ತೆಗೆದುಕೊಳ್ಳುವುದು, ಕೊಡದಿದ್ದರೆ ನಮಸ್ಕರಿಸಿ ಮುಂದಿನ ಊರಿಗೆ ನಡೆಯುವುದು. ಮಾವಿನಗುಂಡಿಯ ಉಪವಾಸದಲ್ಲಿದ್ದ ಒತ್ತಾಯದ ಅಂಶವನ್ನು ಸೋಸಿದರೆ ಉಳಿಯಬಹುದಾದ ರೂಪ ಇಂಥದೇ. ಆದರೆ ಸೋಸಿದುದರಿಂದ ಬಲವೂ ಕುಗ್ಗಿತೆಂಬುದನ್ನು ಒಪ್ಪಬೇಕು: ದಾನಪತ್ರಕ್ಕೆ ಸಹಿಯಾಗಿ ಬಡವನ ಕೈಸೇರದೆ ಉಳಿದ ನೆಲ ದೇಶದ ತುಂಬ ಬಹಳವಿದೆ. ವಿನೋಬಾರವರೇ ತಮ್ಮ ವಾರ್ಧಕ್ಯದಲ್ಲಿ, 1979ರಲ್ಲಿ, ಗೋರಕ್ಷೆಗಾಗಿ ಉಪವಾಸ ಹೂಡಿ ಸರಕಾರದ ಆಶ್ವಾಸನೆ ಪಡೆದು ನಿಲ್ಲಿಸಿದರು. ಯಾರನ್ನೂ ಒತ್ತಾಯಿಸದೆ ಭಿಕ್ಷೆ ಬೇಡಿದ ಆ ಮಹನೀಯರಿಗೂ ಆ ಪ್ರಲೋಭನ ತಪ್ಪಲಿಲ್ಲ. 1982ರ ನವೆಂಬರಿನಲ್ಲಿ ಪವನಾರಿನಲ್ಲಿ ಅನ್ನ ಔಷಧಗಳನ್ನು ತೊರೆದು ಅವರು ದೇಹ ಬಿಟ್ಟಾಗ ಮಾತ್ರ ಆ ಉಪವಾಸ ಯಾರ ಬಾಗಿಲಿಗೂ ಎದುರಾಗಿರಲಿಲ್ಲ.

ಮಾವಿನಗುಂಡಿಯ ಆ ಕೆಲವು ಹೆಂಗಸರಿಗೆ ಈ ತಾರತಮ್ಯದ ವಿಚಾರವನ್ನು ಮಾಡುತ್ತ ಕೂರುವ ಅವಕಾಶವಿರಲಿಲ್ಲ. ಏಕಾದಶಿ, ಶಿವರಾತ್ರಿ, ನೋಂಪಿಗಳಲ್ಲಿ ಬಾಲ್ಯದಿಂದ ಉಪವಾಸವನ್ನು ಬಲ್ಲವರು ಅವರು. ಗಂಡನ ಆಯುಸ್ಸಿಗೆ, ಮಕ್ಕಳ ಕ್ಷೇಮಕ್ಕೆ ಹಿಡಿದಿದ್ದ ವ್ರತವನ್ನು ನೆರೆಯವನ ವಿವೇಕಕ್ಕಾಗಿ ಹಿಡಿದರು. ಸ್ತ್ರೀಯರಿಗೆ ಭೂಮಿಯ ಒಡೆತನವೇ ದುರ್ಲಭವಾಗಿದ್ದ ಕಾಲದಲ್ಲಿ, ತಮ್ಮ ಹೆಸರಿನಲ್ಲಿಲ್ಲದ ಭೂಮಿಗಾಗಿ ತಮ್ಮದೇ ಆದ ಒಂದೇ ಆಸ್ತಿಯನ್ನು, ಎಂದರೆ ದೇಹವನ್ನು, ಒತ್ತೆಯಿಟ್ಟರು. ಅವರು ಮಾಡಿದುದು ಧರ್ಮವೆಂದು ನಾನು ನಿಸ್ಸಂದೇಹವಾಗಿ ಹೇಳುತ್ತೇನೆ. ಎಲ್ಲರೂ ಎಲ್ಲ ಕಡೆಯೂ ಅನುಕರಿಸತಕ್ಕ ಧರ್ಮವೆಂದು ಹೇಳಲಾರೆ. ಬಲವು ಎದುರಿನವನ ಪಕ್ಷದಲ್ಲಿದ್ದು, ಅವನು ತನ್ನವನೇ ಆಗಿದ್ದು, ಒಲ್ಲೆನೆಂದರೂ ಅವನನ್ನು ದ್ವೇಷಿಸದಿರುವ ಶಕ್ತಿ ತನಗಿದೆಯೆಂದು ಬಲ್ಲವನಿಗೆ ಮಾತ್ರ ಅದು ಧರ್ಮ.

1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಖೇರರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಸತ್ಯಾಗ್ರಹದಲ್ಲಿ ಜಪ್ತಿಯಾದ ಭೂಮಿಗಳನ್ನು ಮೂಲದವರಿಗೆ ಹಿಂತಿರುಗಿಸುವ ಶಾಸನವು 1938ರಲ್ಲಿ ಆಯಿತು. ಸರಕಾರದ ಮಟ್ಟಿಗೆ ಮುಗಿದುದೆಂದು ಬರೆದಿದ್ದ ವ್ಯವಹಾರ, ಅಂಗಳದಲ್ಲಿ ಕುಳಿತವರು ನಂಬಿದ್ದಂತೆಯೇ, ಮುಗಿದಿರಲಿಲ್ಲ.

ಸಿದ್ದಾಪುರ, ಸಿರ್ಸಿ, ಯಲ್ಲಾಪುರಗಳ ಮನೆಗಳಲ್ಲಿ ಈ ಲೇಖನವನ್ನು ಓದುವವರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಅಜ್ಜಿಯೋ ಮುತ್ತಜ್ಜಿಯೋ ಮಾವಿನಗುಂಡಿಯಲ್ಲಿ ಕುಳಿತವರಾಗಿದ್ದರೆ ಅವರ ಹೆಸರನ್ನೂ ತವರನ್ನೂ ಕೇಳಿ ತಿಳಿದು ಬರೆದಿಡಿರಿ. ಒಂದು ವೇಳೆ ಅವರು ಆ ಬಾಗಿಲ ಒಳಗಿದ್ದವರಾಗಿದ್ದರೆ, ನಾಚಿಕೆಯಿಂದ ಮರೆಮಾಚದೆ ಅವರ ಹೆಸರನ್ನೂ ಅದೇ ಪುಟದಲ್ಲಿ ಬರೆಯಿರಿ.